ಜಪಾನಿ ಕಲಿತವರಿಗೆ ಯಾವ ಅಳತೆಗೋಲು?

ಕಾಲೇಜಿನ ವಾರ್ಷಿಕೋತ್ಸವದಲ್ಲಿ ಗಣಿತಕ್ಕೋ ರಸಾಯನಶಾಸ್ತ್ರಕ್ಕೋ ಬಹುಮಾನ ಕೊಡುವುದು ಸುಲಭ. ವಿಶ್ವವಿದ್ಯಾಲಯದ ಅಂಕಪಟ್ಟಿ ಎದುರಿಗೇ ಇರುತ್ತದೆ. ಆದರೆ ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಪದವಿಗೆ ಓದುತ್ತ, ಬಿಡುವಿನ ವೇಳೆಯಲ್ಲಿ ಜಪಾನಿ ಭಾಷೆ ಕಲಿತ ವಿದ್ಯಾರ್ಥಿಯ ಯೋಗ್ಯತೆಯನ್ನು ಅಳೆಯುವುದು ಹೇಗೆ?

ಭದ್ರಾವತಿಗೆ ಜಪಾನಿನ ನಂಟು ಹಳೆಯದು. ಅಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದುದರ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪವಿತ್ತು. ಅವರು 1898ರಷ್ಟು ಹಿಂದೆಯೇ ಜಪಾನಿಗೆ ಹೋಗಿ, ಅಲ್ಲಿಯ ಶಿಕ್ಷಣ ಮತ್ತು ಉದ್ಯಮಗಳನ್ನು ಕಣ್ಣಾರೆ ಕಂಡು ಬಂದಿದ್ದರು. ಇಂದಿನ ಯುವಕ ಯುವತಿಯರಿಗೆ ಕಾರಣ ಬೇರೆ. 2021ರಲ್ಲಿ ಭಾರತ ಮತ್ತು ಜಪಾನ್ ಸರ್ಕಾರಗಳು ಮಾಡಿಕೊಂಡ ಒಪ್ಪಂದದಂತೆ ಅಲ್ಲಿ ಕುಶಲ ಕೆಲಸಕ್ಕೆ ಹೋಗಬಯಸುವವರು ಭಾಷೆಯ ಪರೀಕ್ಷೆಯನ್ನೂ ಪಾಸು ಮಾಡಿರಬೇಕು.

ಆ ಪರೀಕ್ಷೆಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು 1984ರಲ್ಲಿ ಆರಂಭವಾದ ಜೆಎಲ್‌ಪಿಟಿ. 2010ರಿಂದ ಅದರಲ್ಲಿ ಐದು ಹಂತಗಳಿವೆ. ಎನ್ 5 ಸುಲಭದ್ದು, ಎನ್ 1 ಕಡುಕಷ್ಟದ್ದು. ಊರಿನಲ್ಲಿ ಸನ್ಮಾನ ಮಾಡುವವರಿಗೂ ಕೈಗೆಟುಕುವ ಪುರಾವೆ ಇದರ ಪ್ರಮಾಣಪತ್ರವೇ.

ಕಲಿಕೆಯ ಮೊದಲ ಮೆಟ್ಟಿಲುಗಳಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ, ವಿಭಕ್ತಿಯಂಥ ಪ್ರತ್ಯಯ ನಾಮಪದದ ಹಿಂದೆಯೇ ಅಂಟಿಕೊಳ್ಳುತ್ತದೆ. 'ಶಿವಮೊಗ್ಗ ನಿ ಇಕು' ಎಂದರೆ 'ಶಿವಮೊಗ್ಗಕ್ಕೆ ಹೋಗು'ವುದು. 'ತಬೆತೆ ಮಿರು' ಎಂಬುದನ್ನು ಇಂಗ್ಲಿಷಿನವರು ವಿವರಿಸಿಕೊಂಡು ಕಲಿಯಬೇಕು. ನಮಗೆ ಅದು 'ತಿಂದು ನೋಡು', ಅಷ್ಟೆ. 'ಮಿರು' ಎಂದರೂ ನೋಡುವುದೇ! ವರ್ಣಮಾಲೆಯೂ ಅಪರಿಚಿತವಲ್ಲ: ಅ, ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳೊಂದಿಗೆ ಅಲ್ಲಿಗೆ ಹೋದ ಸಂಸ್ಕೃತಾಧ್ಯಯನದ ಗುರುತು ಈ ಕ್ರಮದಲ್ಲಿ ಉಳಿದಿದೆ. ನಮ್ಮ 'ಚ' ಇರುವಲ್ಲಿ ಅವರ 'ಸ', ನಮ್ಮ 'ಪ' ಇರುವಲ್ಲಿ ಅವರ 'ಹ'. ಇಷ್ಟರಿಂದ ಎರಡು ಭಾಷೆಗಳೂ ಒಂದೇ ಬಳ್ಳಿಯವು ಎನ್ನಲಾಗದು. ದ್ರಾವಿಡ ಮತ್ತು ಜಪಾನಿ ಭಾಷೆಗಳಿಗೆ ನಂಟು ಕಟ್ಟಲು ವಿದ್ವಾಂಸ ಸುಸುಮು ಒನೊ ಶ್ರಮಿಸಿದರು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ.

ಚೀನೀ ಮೂಲದ ಕಾಂಜಿ ಅಕ್ಷರಗಳ ಮುಂದೆ ಮಾತ್ರ ಈ ಅನುಕೂಲ ಕೆಲಸಕ್ಕೆ ಬಾರದು. ಅಲ್ಲಿ ಬಾಯಿಪಾಠವೇ ಗತಿ.

ಆದರೆ ಪುಸ್ತಕದಿಂದ ಕಲಿತವರನ್ನು ಕೆಡವುವುದು ಕಾಂಜಿಯೂ ಅಲ್ಲ, ಕಿವಿ. ಎನ್ 4ರಲ್ಲಿ ಒಟ್ಟು ಅಂಕ 180, ಪಾಸಾಗಲು 90 ಸಾಕು. ಆದರೆ ಆಲಿಸಿ ಉತ್ತರಿಸುವ ಭಾಗದ 60ರಲ್ಲಿ 19 ಬರದಿದ್ದರೆ, ಉಳಿದ 120ಕ್ಕೆ 120 ಬಂದರೂ ನಪಾಸು. ದಿನವೂ ಜಪಾನಿ ಮಾತು ಕೇಳುವ ಅವಕಾಶ ದೊಡ್ಡ ನಗರದವರಿಗೆ ಸಿಕ್ಕಷ್ಟು ಶಿವಮೊಗ್ಗದವರಿಗೆ ಸಿಗುವುದಿಲ್ಲ. ಇನ್ನೊಂದು ವಿಚಿತ್ರ: ಈ ಪರೀಕ್ಷೆಯಲ್ಲಿ ಮಾತನಾಡಿಸಿ ನೋಡುವ ಭಾಗವೇ ಇಲ್ಲ. ಸೊಗಸಾಗಿ ಮಾತಾಡುವವರ ಜಾಣ್ಮೆ ಪ್ರಮಾಣಪತ್ರದಲ್ಲಿ ಕಾಣದು. ಬಹುಮಾನ ಕೊಡುವ ಕಾಲೇಜು ಪ್ರಮಾಣಪತ್ರದ ಜೊತೆಗೆ ಹತ್ತು ನಿಮಿಷದ ಸಂಭಾಷಣೆಯನ್ನೂ ಕೇಳಿದರೆ ನ್ಯಾಯ.

ಪರೀಕ್ಷೆಗೆ ಶಿವಮೊಗ್ಗದವರು ಸಾಮಾನ್ಯವಾಗಿ ಬೆಂಗಳೂರಿಗೇ ಹೋಗಬೇಕು. ಹತ್ತಿರ ಹತ್ತಿರ 300 ಕಿಲೋಮೀಟರ್, ಬಹುಪಾಲು ರಾತ್ರಿ ಬಸ್ಸಿನಲ್ಲಿ. ಆಲಿಸುವ ಭಾಗ ಬರುವುದು ಎಲ್ಲಕ್ಕಿಂತ ಕೊನೆಗೆ. ಧ್ವನಿಮುದ್ರಿಕೆಯನ್ನು ಹಾಕುವುದು ಒಂದೇ ಸಲ.