ಕಿಂಡಿ ಮೂರು, ಪರದೆ ಎರಡು

ಆಧಾರ್ ತಿದ್ದುಪಡಿಗೆ ಹೋದವರು ಗಮನಿಸಿರುತ್ತಾರೆ: ಆಪರೇಟರ್ ಮುಂದೊಂದು ಮಾನಿಟರ್, ಅರ್ಜಿದಾರರ ಕಡೆ ಮುಖ ಮಾಡಿದ್ದು ಇನ್ನೊಂದು. ನೋಂದಣಿಗೆ ಈ ಎರಡನೇ ಪರದೆ ಕಡ್ಡಾಯ. ಹೆಸರು, ವಿಳಾಸ ಸರಿಯಿದೆಯೇ ಎಂದು ಜನರೇ ಓದಿ ನೋಡಲಿ ಎಂಬುದು ಉದ್ದೇಶ. ಕೊಳ್ಳೇಗಾಲ, ಹನೂರು, ಯಳಂದೂರು ಮಾದಪ್ಪನ ಸೀಮೆ. ಇಲ್ಲಿ ಮಾದೇಶ, ಮಹದೇಶ, ಮಾದೇವ, ಮಹದೇವ ಎಲ್ಲರೂ ಇದ್ದಾರೆ. ಒಂದಕ್ಷರ ಹೆಚ್ಚುಕಮ್ಮಿಯಾದರೆ ಪಹಣಿಗೂ ಪಾಸ್‌ಬುಕ್ಕಿಗೂ ತಾಳೆಯಾಗದು.

ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊಗಳಿಗೂ ಎರಡು ಪರದೆ ಅನುಕೂಲವೇ. ಆದರೆ ಇರುವ ಕಂಪ್ಯೂಟರ್ ಅದಕ್ಕೆ ಒಗ್ಗುತ್ತದೆಯೇ?

ಗ್ರಾಹಕರಿಗೆ ಅದೇ ಚಿತ್ರ ತೋರಿಸಿದರೆ ಸಾಕು ಎನ್ನುವವರಿಗೆ ಅಗ್ಗದ ವಿಜಿಎ ಸ್ಪ್ಲಿಟರ್ ಸಾಕು. ಒಂದರಲ್ಲಿ ಲಗ್ನಪತ್ರಿಕೆಯ ವಿನ್ಯಾಸ, ಇನ್ನೊಂದರಲ್ಲಿ ಗ್ರಾಹಕರು ಕಳಿಸಿದ ವಾಟ್ಸ್ಆ್ಯಪ್ ಸಂದೇಶ ಬೇಕೆಂದರೆ ಸ್ಪ್ಲಿಟರ್ ದಂಡ. ಆಗ ಗ್ರಾಫಿಕ್ಸ್ ಚಿಪ್ಪೇ ಎರಡು ಬೇರೆ ಬೇರೆ ಚಿತ್ರಗಳನ್ನು ಕಳಿಸಬೇಕು.

ಸಿಪಿಯು ಹಿಂಬದಿಯ ಕಿಂಡಿಗಳನ್ನು ಎಣಿಸಿ ತೀರ್ಮಾನಕ್ಕೆ ಬರುವವರೇ ಹೆಚ್ಚು. ಅಲ್ಲೇ ಎಡವಟ್ಟು. 2009ರಲ್ಲಿ ಬಂದ ಎನ್‌ವಿಡಿಯಾ ಜೀಫೋರ್ಸ್ 210 ಕಾರ್ಡುಗಳಲ್ಲಿ ಸಾಮಾನ್ಯವಾಗಿ ವಿಜಿಎ, ಡಿವಿಐ, ಎಚ್‌ಡಿಎಂಐ ಮೂರೂ ಇರುತ್ತವೆ. ಏಕಕಾಲಕ್ಕೆ ಉರಿಯುವುದು ಮಾತ್ರ ಎರಡೇ ಪರದೆ. 2012ರ ಜೀಫೋರ್ಸ್ ಜಿಟಿಎಕ್ಸ್ 680 ನಾಲ್ಕನ್ನು ನಡೆಸಬಲ್ಲದು. ಹಾಗಾಗಿ ಡಿವೈಸ್ ಮ್ಯಾನೇಜರ್‌ನಲ್ಲಿ ‘ಡಿಸ್‌ಪ್ಲೇ ಅಡಾಪ್ಟರ್ಸ್’ ತೆರೆದು ಕಾರ್ಡಿನ ಹೆಸರು ಬರೆದುಕೊಳ್ಳಬೇಕು. ತಯಾರಕರ ಜಾಲತಾಣದ ವಿವರಪಟ್ಟಿಯಲ್ಲಿ ಗರಿಷ್ಠ ಎಷ್ಟು ಮಾನಿಟರ್ ಎಂಬುದು ಇರುತ್ತದೆ.

ಹೊಸ ಕಾರ್ಡು ಬೇಕಾಗದೆಯೂ ಇರಬಹುದು. ಕಚೇರಿಗಳಿಂದ ಸೆಕೆಂಡ್ ಹ್ಯಾಂಡ್ ಆಗಿ ಹೊರಬೀಳುವ ಡೆಲ್ ಆಪ್ಟಿಪ್ಲೆಕ್ಸ್ 7010ನ ಹಳೆಯ ಮಾದರಿಯನ್ನೇ ನೋಡಿ. 2012ರ ಈ ಪೆಟ್ಟಿಗೆಯ ಹಿಂದೆ ಒಂದು ವಿಜಿಎ, ಎರಡು ಡಿಸ್‌ಪ್ಲೇ ಪೋರ್ಟ್ ಇವೆ. ಡಿಸ್‌ಪ್ಲೇ ಪೋರ್ಟನ್ನು ವಿಜಿಎಗೆ ಬದಲಿಸುವ ಪುಟ್ಟ ಅಡಾಪ್ಟರ್ ಸಿಕ್ಕಿಸಿದರೆ ಮೂಲೆಗೆ ಬಿದ್ದ ಹಳೇ ಮಾನಿಟರೂ ಕೆಲಸಕ್ಕೆ ಬರುತ್ತದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿ ಇದ್ದೂ ಇಲ್ಲದಂತೆ.

ಬೇರೆ ಕಾರ್ಡು ಹಾಕಿದಾಗ ಮದರ್‌ಬೋರ್ಡಿನ ಕಿಂಡಿ ತಾನಾಗಿಯೇ ಮಲಗುವುದೂ ಉಂಟು. ಎರಡೂ ಕೇಬಲ್‌ಗಳನ್ನು ಕಾರ್ಡಿಗೇ ಸಿಕ್ಕಿಸುವುದು ಸುಲಭದ ದಾರಿ.

ಜೋಡಿಸಿದ ಮೇಲೆ ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿ. ‘ಡುಪ್ಲಿಕೇಟ್’ ಆಗಿಯೇ ಉಳಿದಿದ್ದನ್ನು ಕಂಡು ಕಾರ್ಡೇ ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ, ಪಾಪ.

ಕಾರ್ಡು ತರಲು ಮೈಸೂರಿನ ಬಸ್ ಹತ್ತುವ ಮುನ್ನ ಸಿಪಿಯು ಹಿಂಬದಿಯದ್ದೂ ಮಾನಿಟರ್ ಹಿಂಬದಿಯದ್ದೂ ಒಂದೊಂದು ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಅಂಗಡಿಯವರು ಮೊದಲು ಕೇಳುವುದೇ ಅದನ್ನು.