ಅಂಗಳದ ಹುಲ್ಲಿನಲ್ಲಿ ಕೆಂಪು ಕಳೆ: ಗುರುತಿಸುವ ಮತ್ತು ತೆಗೆಯುವ ಬಗೆ

ಮಳೆಗಾಲ ಮುಗಿದು ಬಿಸಿಲು ಕಾಣುವ ಹೊತ್ತಿಗೆ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ನಾಲ್ಕಾರು ಮಂದಿಯಾದರೂ ಕೇಳುವ ಪ್ರಶ್ನೆಯೊಂದಿದೆ: "ಮನೆ ಮುಂದಿನ ಹುಲ್ಲಿನಲ್ಲಿ ಕೆಂಪು ಕಳೆ ಎದ್ದಿದೆ, ಯಾವ ಔಷಧಿ ಹೊಡೆಯೋಣ?" ಹುಲ್ಲುಹಾಸು ದೊಡ್ಡ ಎಸ್ಟೇಟಿನ ಬಂಗಲೆಗಳಿಗೆ ಮಾತ್ರ ಎಂಬ ಕಾಲ ಹೋಯಿತು. ಎರಡೆಕರೆ ಅಡಿಕೆ, ಮೂರೆಕರೆ ಕಾಫಿ ಇರುವವರ ಮನೆ ಮುಂದೆಯೂ ಈಗ ಅರ್ಧ ಗುಂಟೆಯಷ್ಟಾದರೂ ಹಸಿರು ಹುಲ್ಲು ಇದೆ. ಇರಲಿ, ಅದು ತಪ್ಪಲ್ಲ. ಆದರೆ ಅಂಗಳದ ಕಳೆ ಅಂಗಳದಲ್ಲೇ ನಿಲ್ಲುವುದಿಲ್ಲ, ಅಂಗಳಕ್ಕೆ ಹೊಡೆದ ಔಷಧಿಯೂ ಅಂಗಳದಲ್ಲೇ ನಿಲ್ಲುವುದಿಲ್ಲ. ಆದುದರಿಂದ ಈ ವಿಷಯವನ್ನು ನಾವು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲನೆಯದಾಗಿ, "ಕೆಂಪು ಕಳೆ" ಎಂಬ ಹೆಸರಿನ ಕಳೆ ಇಲ್ಲ. ಗಿಡದ ಎಲೆ ಮತ್ತು ಕಾಂಡಗಳಲ್ಲಿ ಆಂಥೋಸಯನಿನ್ ಎಂಬ ವರ್ಣದ್ರವ್ಯ ಇರುತ್ತದೆ. ಬಿಸಿಲು ಬಲವಾದಾಗ, ರಾತ್ರಿ ಚಳಿ ಬಿದ್ದಾಗ, ನೀರು ಸಾಲದಾದಾಗ, ಮಣ್ಣಿನಿಂದ ರಂಜಕ ಸಿಗದಾದಾಗ ಅದು ಹೆಚ್ಚುತ್ತದೆ. ಮಾವಿನ ಚಿಗುರು ಕೆಂಪಾಗಿ ಕಾಣುವುದೂ ಇದೇ ವಸ್ತುವಿನಿಂದ. ಒಂದೇ ಜಾತಿಯ ಗಿಡ ನೆರಳಿನಲ್ಲಿ ಹಸಿರಾಗಿಯೂ ಮೆಟ್ಟಿಲ ಕಲ್ಲಿನ ಪಕ್ಕದ ಕಾವಿನಲ್ಲಿ ಕಂದುಗೆಂಪಾಗಿಯೂ ಇರಬಹುದು. ಬಣ್ಣ ನೋಡಿ ಔಷಧಿ ಹೇಳುವುದೆಂದರೆ, ಬಟ್ಟೆಯ ಬಣ್ಣ ನೋಡಿ ಮನುಷ್ಯನ ಕಾಯಿಲೆ ಹೇಳಿದ ಹಾಗೆ.

ಕೆಂಪಾಗಿರುವುದು ಕಳೆಯೋ, ಹುಲ್ಲೇ ಕೆಂಪಾಗಿದೆಯೋ ಎಂಬುದನ್ನು ಮೊದಲು ನೋಡಬೇಕು. ಹಳೆಯ ಬಿಳಿ ಬಟ್ಟೆಯ ತುಂಡಿನಿಂದ ಎಲೆಯನ್ನು ಒರೆಸಿ. ತುಕ್ಕಿನಂಥ ಪುಡಿ ಅಂಟಿದರೆ ಅದು ತುಕ್ಕು ರೋಗ, ಶಿಲೀಂಧ್ರದ ಕೆಲಸ. ಅಲ್ಲಿ ಕೀಳಲು ಕಳೆಯೇ ಇಲ್ಲ. ಪುಡಿ ಬಾರದೆ ಹುಲ್ಲಿನ ಗರಿಗಳೇ ನೇರಳೆಗೆಂಪಾಗಿದ್ದರೆ ಚಳಿ, ಒಣಹವೆ ಅಥವಾ ರಂಜಕದ ಕೊರತೆ ಇರಬಹುದು. ನಮ್ಮ ಮಲೆನಾಡಿನ ಮಣ್ಣು ಮಳೆಗೆ ತೊಳೆದು ಹುಳಿಯಾದದ್ದು. ಅದರಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ತೋಟದ ಮಣ್ಣಿನ ಮಾದರಿಯನ್ನು ಪರೀಕ್ಷೆಗೆ ಕಳಿಸುವಾಗ ಅಂಗಳದ್ದನ್ನೂ ಒಂದು ಪೊಟ್ಟಣ ಕಟ್ಟಿದರೆ ಊಹೆ ಮಾಡುವ ಕೆಲಸ ತಪ್ಪುತ್ತದೆ.

ಕಳೆಯೇ ಹೌದೆಂದಾದರೆ ಎರಡನೆಯ ಪರೀಕ್ಷೆ ಹಾಲಿನದು. ಕಾಂಡವನ್ನು ಮುರಿಯಿರಿ. ಬಿಳಿ ಹಾಲು ಜಿನುಗಿದರೆ ಅದು ಅಚ್ಚೆಗಿಡ ಅಥವಾ ಅದರ ಬಳಗದ, ನೆಲಕ್ಕೆ ಅಂಟಿ ಹರಡುವ ಪುಟ್ಟ ಗಿಡ. ಅಚ್ಚೆಗಿಡದ ಕಾಂಡ ಕೆಂಪಾಗಿ ರೋಮವಿರುತ್ತದೆ, ಎಲೆಗಳು ಎದುರುಬದುರು, ಎಷ್ಟೋ ಸಲ ಎಲೆಯ ನಡುವೆ ಕೆಂಗಂದು ಕಲೆ. ಇದನ್ನು ಬಲ್ಲವರು ಹಲವರು. ಆದರೆ ನೆಲಕ್ಕೆ ಅಂಟುವ ಅದರ ತಮ್ಮನನ್ನು ಗೋಳಿಸೊಪ್ಪು ಎಂದು ತಿಳಿದು ಮಕ್ಕಳು ಕಿತ್ತು ಅಡಿಗೆಮನೆಗೆ ತರುವುದುಂಟು. ಗೋಳಿಸೊಪ್ಪಿನ ಕಾಂಡವೂ ಕೆಂಪೇ. ಆದರೆ ಅದು ದಪ್ಪ, ನೀರುತುಂಬಿದ್ದು, ಮುರಿದರೆ ಹಾಲು ಬಾರದು. ಹಾಲು ಬಂದದ್ದನ್ನು ಸಾರಿಗೆ ಹಾಕತಕ್ಕದ್ದಲ್ಲ. ಈ ಒಂದು ಮಾತನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ಹಾಲುಗಿಡಗಳನ್ನು ತೆಗೆಯುವುದು ಸುಲಭ. ಒಂದೇ ತಾಯಿಬೇರು, ಗಿಡ ಎಷ್ಟಗಲ ಹರಡಿದ್ದರೂ ಬುಡ ಒಂದೇ. ಮಳೆ ಬಿದ್ದ ಮರುದಿನ ನಡುಬುಡವನ್ನು ಹುಡುಕಿ ಹಿಡಿದು ಎಳೆದರೆ ಇಡೀ ಚಾಪೆ ಕೈಗೆ ಬರುತ್ತದೆ. ಅಂಚಿನಿಂದ ಎಳೆದರೆ ಕೊಂಬೆ ಮಾತ್ರ ಕಿತ್ತು ಬರುತ್ತದೆ, ಬುಡ ಮತ್ತೆ ಚಿಗುರುತ್ತದೆ. ಆ ಹಾಲು ಕಣ್ಣಿಗೆ ಉರಿ. ಕೆಲಸದ ಹೆಂಗಸರಿಗೆ ಕೈಚೀಲ ಕೊಡಿ, ಬೆವರು ಒರೆಸುವ ಮುಂಚೆ ಕೈ ತೊಳೆಯಲು ಹೇಳಿ. ಈ ಜಾತಿಗಳು ಬೇಗ ಬೀಜ ಕಟ್ಟುತ್ತವೆ, ಆದ್ದರಿಂದ "ಮುಂದಿನ ವಾರ ನೋಡೋಣ" ಎನ್ನುವುದು ಇಲ್ಲಿ ನಡೆಯದು. ಜನ ಓಡಾಡಿ, ಗಾಡಿ ತಿರುಗಿ ನೆಲ ಗಟ್ಟಿಯಾದ ಕಡೆ ಇವು ಹೆಚ್ಚು. ಅಲ್ಲಿ ಹಾರೆಕೋಲಿನಿಂದ ಅಲ್ಲಲ್ಲಿ ತೂತು ಹೊಡೆದು ಮರಳು ಬೆರೆಸಿದ ಗೊಬ್ಬರ ತುಂಬಿದರೆ ಹುಲ್ಲಿನ ಬೇರಿಗೆ ಗಾಳಿ ಸಿಗುತ್ತದೆ.

ಹಾಲಿಲ್ಲದೆ, ಒಂದೊಂದು ತೊಟ್ಟಿಗೆ ಮೂರು ಹೃದಯಾಕಾರದ ಎಲೆಗಳಿದ್ದು, ಬಾಯಿಗಿಟ್ಟರೆ ಹುಳಿಯಾಗಿದ್ದರೆ ಅದು ಹುಳಿಸೊಪ್ಪು, ಕೆಲವು ಕಡೆ ಪುಲ್ಲಂಪುರಚಿ. ಅಂಗಳದಲ್ಲಿ ಕೆಂಪು ಎಂದು ದೂರು ಬರುವುದು ಹೆಚ್ಚಾಗಿ ಇದರ ಮೇಲೆಯೇ. ಇದರಲ್ಲಿ ಎರಡು ಬಗೆಗಳನ್ನು ಬೇರೆ ಮಾಡಿ ತಿಳಿಯಬೇಕು, ಏಕೆಂದರೆ ಒಂದು ಕಿರಿಕಿರಿ, ಇನ್ನೊಂದು ನಷ್ಟ.

ಹಳದಿ ಹೂವಿನದು ಕಿರಿಕಿರಿಯದು. ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ. ಪುಟ್ಟ ಬೆಂಡೆಕಾಯಿಯಂತೆ ನೆಟ್ಟಗೆ ನಿಂತ ಕಾಯಿ ಬಲಿತಾಗ ಮುಟ್ಟಿದರೆ ಸಿಡಿದು ಬೀಜವನ್ನು ಮಾರು ದೂರ ಎಸೆಯುತ್ತದೆ. ಕಾಯಿ ಎಳೆಯದಿರುವಾಗಲೇ, ಒದ್ದೆ ನೆಲದಲ್ಲಿ, ಚೂಪು ಕತ್ತಿಯ ತುದಿಯಿಂದ ಪ್ರತಿ ಗೆಣ್ಣಿನ ಬೇರನ್ನು ಎಬ್ಬಿಸಿ ತೆಗೆಯಬೇಕು. ಹದಿನೈದು ದಿನಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಾಡಿದರೆ ಹತೋಟಿಗೆ ಬರುತ್ತದೆ. ಕಿತ್ತದ್ದರಲ್ಲಿ ಎಳೆಯ ಸೊಪ್ಪು ತಂಬುಳಿಗೆ ಒದಗುತ್ತದೆಂಬುದು ಮನೆಯವರಿಗೆ ಗೊತ್ತಿರುವ ವಿಚಾರ.

ಹುಳಿಸೊಪ್ಪು ಬಂದರೆ ಮಣ್ಣು ಹುಳಿ, ಸುಣ್ಣ ಎರಚಿದರೆ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಎಲೆಯ ಹುಳಿ ಆಕ್ಸಾಲಿಕ್ ಆಮ್ಲದ್ದು, ಗಿಡವೇ ತಯಾರಿಸಿಕೊಳ್ಳುವಂಥದ್ದು. ಅದಕ್ಕೂ ಮಣ್ಣಿನ ಹುಳಿಗೂ ಸಂಬಂಧವಿಲ್ಲ. ಈ ಗಿಡ ಸುಣ್ಣದ ನೆಲದಲ್ಲೂ ಚೆನ್ನಾಗಿ ಬೆಳೆಯುತ್ತದೆ. ಮಣ್ಣಿಗೆ ಸುಣ್ಣ ಬೇಕೇ ಎಂಬುದನ್ನು ಪರೀಕ್ಷೆ ಹೇಳಬೇಕು, ಕಳೆ ಅಲ್ಲ. ಉಪ್ಪು ಹಾಕುವುದು ಇನ್ನೂ ಕೆಟ್ಟದ್ದು. ಅಂಗಳಕ್ಕೆ ಹಾಕಿದ ಉಪ್ಪು ಮಳೆನೀರಿನೊಡನೆ ಬಸಿಗಾಲುವೆಗೆ ಇಳಿಯುತ್ತದೆ. ಬಹುಪಾಲು ಮನೆಗಳಲ್ಲಿ ಅದರ ಕೆಳಗಿರುವುದು ಅಡಿಕೆ ತೋಟ.

ಇನ್ನು ಗುಲಾಬಿ ಹೂವಿನದು. ಇದು ಅಮೆರಿಕ ಖಂಡದ ಉಷ್ಣವಲಯದ ಗಿಡ. ಹೂವಿನ ಅಂದಕ್ಕಾಗಿ ಕುಂಡಗಳಲ್ಲಿ ಬೆಳೆಸಿದ್ದು ಹೊರಗೆ ಬಿದ್ದು ಹಬ್ಬಿದೆ. ಎಲೆ ಹಳದಿ ಹೂವಿನದಕ್ಕಿಂತ ಬಹಳ ದೊಡ್ಡದು, ನೆಲದ ಮೇಲೆ ಹರಿಯುವ ಕಾಂಡವಿಲ್ಲ, ತೊಟ್ಟುಗಳೆಲ್ಲ ನೆಲದೊಳಗಿಂದ ನೇರವಾಗಿ ಏಳುತ್ತವೆ. ಅಗೆದು ನೋಡಿದರೆ ಪುಟ್ಟ ಈರುಳ್ಳಿಯಂಥ ಗಡ್ಡೆ, ಅದರ ಸುತ್ತ ಮರಿಗಡ್ಡೆಗಳು. ಕೈಯಲ್ಲಿ ಎಳೆದರೆ ಎಲೆ ಬರುತ್ತದೆ, ಗಡ್ಡೆ ಉಳಿಯುತ್ತದೆ. ಗುದ್ದಲಿ ಹಾಕಿದರೆ ಮರಿಗಡ್ಡೆಗಳೆಲ್ಲ ಚದುರಿ ಒಂದಿದ್ದ ಕಡೆ ಹತ್ತು ಏಳುತ್ತವೆ.

ಇದನ್ನು ನಷ್ಟ ಎಂದು ನಾವು ಕರೆಯುವುದಕ್ಕೆ ಕಾರಣವಿದೆ. ನಮ್ಮ ಕಾಫಿ ನರ್ಸರಿಗಳು ಮನೆಯ ಹತ್ತಿರವೇ, ನೀರಿನ ಪಕ್ಕ ಇರುತ್ತವೆ. ಪಾಲಿಥೀನ್ ಚೀಲ ತುಂಬಲು ಕಾಡುಮಣ್ಣು ಸ್ವಲ್ಪ ಕಡಿಮೆ ಬಿದ್ದರೆ ಅಂಗಳದಂಚಿನ ಮಣ್ಣನ್ನೇ ಕೆರೆದು ಸೇರಿಸುವುದು ವಾಡಿಕೆ. ಅದರೊಡನೆ ಮರಿಗಡ್ಡೆಗಳು ಚೀಲಕ್ಕೆ ಹೋಗುತ್ತವೆ, ಚೀಲದೊಡನೆ ಗುಂಡಿಗೆ, ಗುಂಡಿಯಿಂದ ತೋಟಕ್ಕೆ. ಸಸಿ ಮಾರುವವರಾದರೆ ನೆರೆಯವರ ತೋಟಕ್ಕೂ. ಚೀಲದಲ್ಲಿ ಸಸಿಯ ಬೇರಿನ ಜೊತೆ ಹೆಣೆದುಕೊಂಡ ಗಡ್ಡೆಯನ್ನು ಸಸಿಗೆ ನೋವಾಗದಂತೆ ತೆಗೆಯುವುದು ಕಷ್ಟ. ಒಮ್ಮೆ ಎಳೆ ಕಾಫಿಯ ಬುಡದಲ್ಲಿ ನೆಲೆಸಿದರೆ ವರ್ಷವರ್ಷವೂ ಅದಕ್ಕೆಂದೇ ಆಳಿನ ಖರ್ಚು. ಕೂಲಿಯಾಳು ಸಿಗುವುದೇ ಕಷ್ಟವಾಗಿರುವ ದಿನಗಳಲ್ಲಿ ಇದು ಎಷ್ಟು ಹೊರೆ ಎಂಬುದನ್ನು ಸದಸ್ಯರಿಗೆ ನಾವು ಹೇಳಬೇಕಾಗಿಲ್ಲ.

ಅಂಗಳದಲ್ಲಿ ಹತ್ತು ಗಿಡ ಇರುವಾಗಲೇ ತೆಗೆದುಬಿಡಿ. ಗಿಡ ಮೂರು ನಾಲ್ಕು ಎಲೆ ಬಿಟ್ಟ ಹಂತದಲ್ಲಿ ಹಳೆಯ ಗಡ್ಡೆಯ ಶಕ್ತಿ ಇಳಿದಿರುತ್ತದೆ, ಮರಿಗಡ್ಡೆ ಬಲಿತಿರುವುದಿಲ್ಲ. ತೆಗೆಯಲು ಅದೇ ಸಮಯ. ಕತ್ತಿಯನ್ನು ಗಿಡದ ಸುತ್ತ ಗೇಣಾಳಕ್ಕೆ ಇಳಿಸಿ ಮಣ್ಣಿನ ಹೆಂಟೆ ಸಮೇತ ಎತ್ತಿ ಬುಟ್ಟಿಗೆ ಹಾಕಿ. ಮಣ್ಣನ್ನು ಅಲ್ಲೇ ಕೊಡವಬೇಡಿ. ಬುಟ್ಟಿಯಲ್ಲಿದ್ದದ್ದನ್ನು ಗೊಬ್ಬರಗುಂಡಿಗೂ ಹಾಕಬೇಡಿ. ಸಿಮೆಂಟು ಕಣದಲ್ಲಿ ಒಣಗಿಸಿ ಬಚ್ಚಲೊಲೆಗೆ ಹಾಕಿ. ಕಣದಲ್ಲಿ ಅಡಿಕೆ, ಕಾಫಿ ಇದ್ದರೆ ಹಳೆಯ ತಗಡು ಸಾಕು. ಕೆಲಸ ಮುಗಿದ ಮೇಲೆ ಕತ್ತಿ, ಬುಟ್ಟಿ, ಕಾಲಿಗೆ ಮೆಟ್ಟಿದ್ದು ಎಲ್ಲವನ್ನೂ ತೊಳೆಯಿರಿ. ನರ್ಸರಿ ಮಣ್ಣಿನ ಬಗ್ಗೆ ಅನುಮಾನವಿದ್ದವರು ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಮಣ್ಣನ್ನು ತೆಳುವಾಗಿ ಹರಡಿ, ನೀರು ಚಿಮುಕಿಸಿ, ಪಾರದರ್ಶಕ ಪಾಲಿಥೀನ್ ಹೊದಿಸಿ ಅಂಚುಗಳಿಗೆ ಮಣ್ಣು ಹೇರಿ ನಾಲ್ಕರಿಂದ ಆರು ವಾರ ಬಿಟ್ಟರೆ ಒಳಗಿನ ಕಾವಿಗೆ ಬಹುಪಾಲು ಬೀಜ ಗಡ್ಡೆಗಳು ಸಾಯುತ್ತವೆ.

ಕೆಂಪು ಕಾಂಡದ ಮುಟ್ಟಿದರೆ ಮುನಿಗೆ ಪರಿಚಯ ಬೇಡ. ಹೂ ಬಿಡುವ ಮುಂಚೆ, ನೆಲ ಮೆತ್ತಗಿರುವಾಗ, ತಾಯಿಬೇರಿನೊಡನೆ ಕೀಳಬೇಕು. ಮೇಲೆ ಸವರಿ ಬಿಟ್ಟರೆ ಇನ್ನಷ್ಟು ಹರಡುತ್ತದೆ. ಕಂದುಗೆಂಪು ತೆನೆಯ, ಮೂರು ಮೂಲೆಯ ಕಾಂಡದ ಕೊನ್ನಾರಿಗೆ ಎರಡು ಮೂರು ವಾರಕ್ಕೊಮ್ಮೆ ಗಡ್ಡೆ ಅಗೆಯುವುದೊಂದೇ ದಾರಿ. ಅದಕ್ಕೆ ನೆರಳಾಗದು, ಆದ್ದರಿಂದ ಹುಲ್ಲು ದಟ್ಟವಾದಷ್ಟೂ ಅದು ಸೊರಗುತ್ತದೆ. ಕೆಂಪು ನೆಲನೆಲ್ಲಿ, ಕೆಂಪು ಬಳ್ಳಿಯ ಒಂದೆಲಗ ಇವನ್ನು ಕಳೆಯೆಂದು ಕಿತ್ತು ಎಸೆಯುವವರಿಗೆ ನಾವು ಏನೂ ಹೇಳಲಾರೆವು.

ಔಷಧಿಯ ಮಾತಿಗೆ ಬರೋಣ. ಗ್ಲೈಫೋಸೇಟ್ ಹೊಡೆದರೆ ಕಳೆಯೊಡನೆ ಹುಲ್ಲೂ ಸಾಯುತ್ತದೆ. ಮೇಲಾಗಿ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶ ಅದರ ಬಳಕೆಯನ್ನು ಪರವಾನಗಿ ಪಡೆದ ಕೀಟನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸಿತು. ಪ್ಯಾರಾಕ್ವಾಟ್ ಎಲೆಯನ್ನು ಮಾತ್ರ ಸುಡುತ್ತದೆ, ಗಡ್ಡೆ ಮತ್ತೆ ಚಿಗುರುತ್ತದೆ. ಆದರೆ ಮನುಷ್ಯನ ಹೊಟ್ಟೆಗೆ ಒಂದು ಗುಟುಕು ಹೋದರೂ ಪ್ರಾಣಕ್ಕೆ ಅಪಾಯ, ಅದಕ್ಕೆ ಪ್ರತಿವಿಷ ಇಲ್ಲ. ಅದನ್ನು ಮನೆಯ ಹತ್ತಿರ ಇಡುವುದನ್ನೇ ನಾವು ಒಪ್ಪುವುದಿಲ್ಲ. 2,4-ಡಿ ಹುಲ್ಲನ್ನು ಉಳಿಸಿ ಅಗಲೆಲೆಯದನ್ನು ಕೊಲ್ಲುವ ಔಷಧಿ ನಿಜ, ಹುಳಿಸೊಪ್ಪು ಮಾತ್ರ ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಗಾಳಿಯಲ್ಲಿ ತೇಲಿದ ಹನಿ ಕಾಫಿ, ಮೆಣಸಿನ ಬಳ್ಳಿ, ತರಕಾರಿಯ ಮೇಲೆ ಬಿದ್ದರೆ ಚಿಗುರು ಸುರುಟಿ ಎಲೆ ಪಟ್ಟಿಯಂತೆ ಸೊಟ್ಟಗಾಗುತ್ತದೆ.

ಹೆಚ್ಚಿನ ನಷ್ಟ ಆಗುವುದು ಪಂಪಿನಿಂದ. ಅಂಗಳಕ್ಕೆ 2,4-ಡಿ ಹೊಡೆದ ಪಂಪನ್ನು ಒಮ್ಮೆ ನೀರಾಡಿಸಿ ಇಟ್ಟು, ಅದರಲ್ಲೇ ಮೆಣಸಿಗೆ ಬೋರ್ಡೋ ದ್ರಾವಣ ಹೊಡೆಯುವುದು. ಬಳ್ಳಿ ಸುರುಟಿದಾಗ ರೋಗವೆಂದು ತಿಳಿದು ಇನ್ನೊಂದು ಔಷಧಿ, ಅದೂ ಅದೇ ಪಂಪಿನಿಂದ! ಕಳೆನಾಶಕಕ್ಕೆ ಬೇರೆಯೇ ಪಂಪು ಇಟ್ಟು ಅದಕ್ಕೆ ಕೆಂಪು ಬಣ್ಣ ಬಳಿದಿಡಿ. ಅರ್ಧ ಗುಂಟೆ ಅಂಗಳಕ್ಕೆ ಪಂಪು ತೆಗೆಯುವ ಅಗತ್ಯವೇ ಇಲ್ಲವೆಂಬುದು ನಮ್ಮ ಅಭಿಪ್ರಾಯ. ಇಬ್ಬರು ಒಂದು ಬೆಳಗ್ಗೆ ಕೂತರೆ ಮುಗಿಯುವ ಕೆಲಸ ಅದು, ಬಾವಿಯೂ ಕೊಟ್ಟಿಗೆಯೂ ಅಲ್ಲೇ ಇರುತ್ತವೆ.

ಕಳೆ ಕಿತ್ತ ಜಾಗವನ್ನು ಬರಿದಾಗಿ ಬಿಟ್ಟರೆ ಅದೇ ಕಳೆ ಮತ್ತೆ ಬರುತ್ತದೆ. ಅಂದೇ ಅಲ್ಲಿ ಗರಿಕೆಯ ಅಥವಾ ಕಾರ್ಪೆಟ್ ಹುಲ್ಲಿನ ತುಂಡು ನೆಡಿ. ಹುಲ್ಲನ್ನು ಬುಡಮಟ್ಟ ಕತ್ತರಿಸಬೇಡಿ, ಎರಡು ಅಂಗುಲ ಉಳಿಯಲಿ. ನೆಲಕ್ಕೆ ಬಿಸಿಲು ಬಿದ್ದರೆ ಕಳೆಬೀಜ ಮೊಳೆಯುತ್ತದೆ. ಮುಂಗಾರಿನ ಮೊದಲ ಮಳೆಗಳ ಬಳಿಕ ಗುಂಟೆಗೆ ಅರ್ಧ ಕಿಲೋ ಯೂರಿಯಾ ಸಾಕು. ಕಳೆ ಕೀಳುವುದಕ್ಕೆ ಎರಡು ಸಮಯ: ಮೇ ತಿಂಗಳ ಮಳೆಗೆ ಸಸಿ ಎದ್ದಾಗ ಒಮ್ಮೆ, ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ. ಅಕ್ಟೋಬರ್ ದಾಟಿದರೆ ಕೊನೆಕೊಯ್ಲು, ಅದರ ಹಿಂದೆಯೇ ಕಾಫಿ ಕೊಯ್ಲು. ಆಗ ಅಂಗಳದ ಕಡೆ ನೋಡುವವರು ಯಾರೂ ಇರುವುದಿಲ್ಲ.

ಗುರುತು ಹತ್ತದ ಕಳೆಯಿದ್ದರೆ ಸದಸ್ಯರು ಸಂಘದ ಕಚೇರಿಗೆ ತರಬಹುದು. ಎಲೆ ಮಾತ್ರ ತಂದರೆ ಪ್ರಯೋಜನವಿಲ್ಲ. ಹೂವಿದ್ದರೆ ಹೂವಿನೊಡನೆ, ಬೇರು ಗಡ್ಡೆ ಸಮೇತ ಎತ್ತಿ, ಮಣ್ಣು ಉದುರದಂತೆ ಪಾಲಿಥೀನ್ ಚೀಲದಲ್ಲಿ ಬಾಯಿ ಕಟ್ಟಿ ತನ್ನಿ. ಚೀಲವನ್ನು ಕಚೇರಿಯ ಹೊರಜಗಲಿಯಲ್ಲಿ ಬಿಚ್ಚಬೇಡಿ, ಪಕ್ಕದಲ್ಲೇ ವಿತರಣೆಗೆ ಇಟ್ಟಿರುವ ಸಸಿಗಳಿವೆ.