ಕೊಲ್ಲನ ಕುಲುಮೆಯಲ್ಲಿದ್ದ ಆಯುಧಗಳು

ಧರ್ಮಪುರಿಯಿಂದ ಸೇಲಂ ಮಾರ್ಗವಾಗಿ ಹೊರಟವರಿಗೆ ಅನತಿದೂರದಲ್ಲಿಯೇ ಎದುರಾಗುವ ಅದಿಯಮಾನ್‌ಕೋಟೆಯು, ಪ್ರಾಚೀನ ತಗಡೂರನ್ನು ಆಳಿದ ಅದಿಯಮಾನರ ಹೆಸರನ್ನು ಇಂದಿಗೂ ಉಳಿಸಿಕೊಂಡಿರುವ ಊರು. ಆ ವಂಶದ ನೆಡುಮಾನ್ ಅಂಜಿಗೂ ತೊಂಡೈಮಾನನೆಂಬ ದೊರೆಗೂ ವೈರವು ಬೆಳೆದಾಗ ಕವಯಿತ್ರಿ ಔವೈಯಾರ್ ಸಂಧಾನಕ್ಕೆಂದು ಹೋದರೆಂದೂ, ತೊಂಡೈಮಾನನು ತನ್ನ ಆಯುಧಾಗಾರವನ್ನು ಹೆಮ್ಮೆಯಿಂದ ತೋರಿಸಲು ಆಕೆ ಕೆಲವೇ ಮಾತುಗಳಲ್ಲಿ ಉತ್ತರವಿತ್ತರೆಂದೂ 'ಪುರನಾನೂರು' ಎಂಬ ಪ್ರಾಚೀನ ತಮಿಳು ಸಂಕಲನದ ೯೫ನೆಯ ಪದ್ಯದ ಸಂದರ್ಭವನ್ನು ಪರಂಪರೆಯು ವಿವರಿಸುತ್ತದೆ. ನಿನ್ನ ಆಯುಧಗಳು ನವಿಲುಗರಿ ತೊಟ್ಟು, ತುಪ್ಪ ಸವರಿಸಿಕೊಂಡು, ಕಾವಲಿನ ಭವನದಲ್ಲಿ ಸುಖವಾಗಿವೆ. ನಮ್ಮ ದೊರೆಯವಾದರೋ ಮೊನೆ ಮುರಿದು ಕೊಲ್ಲನ ಕುಲುಮೆಯನ್ನು ಸೇರಿವೆ ಎಂಬುದು ಆ ಉತ್ತರದ ತಾತ್ಪರ್ಯ.

ಹೊಸ ಉದ್ಯಮವನ್ನು ಆರಂಭಿಸುವ ತರುಣರು ಇಂದು ಅಭ್ಯಾಸ ಮಾಡುವ 'ಎಲಿವೇಟರ್ ಪಿಚ್' ಎಂಬ ಕಿರುಭಾಷಣಕ್ಕೆ, ಅಂದರೆ ಲಿಫ್ಟು ಕೆಳಗಿನಿಂದ ಮೇಲಿನ ಅಂತಸ್ತಿಗೆ ಏರುವ ಅರ್ಧ ನಿಮಿಷ ಇಲ್ಲವೆ ಒಂದು ನಿಮಿಷದೊಳಗೆ ತನ್ನ ಉದ್ಯಮವೇನೆಂಬುದನ್ನು ಬಂಡವಾಳ ಹೂಡಬಲ್ಲವರಿಗೆ ತಿಳಿಯಹೇಳುವ ಆ ಕಲೆಗೆ, ಇದಕ್ಕಿಂತ ಮಿಗಿಲಾದ ಪಾಠವನ್ನು ನಾನು ಕಂಡಿಲ್ಲ. ಔವೈಯಾರ್ ತಮ್ಮ ದೊರೆಯು ಶೂರನೆಂದು ಒಮ್ಮೆಯೂ ಹೇಳಲಿಲ್ಲ. ಕೇಳುವವನ ಕಣ್ಣೆದುರಿಗೆ ಇದ್ದುದರಿಂದಲೇ ಮಾತನ್ನು ಆರಂಭಿಸಿ, ಆಯುಧವು ಬಳಕೆಯಾಗಿದೆ ಎಂಬ ಸಾಕ್ಷ್ಯವೊಂದನ್ನು ಮುಂದಿಟ್ಟು, ನಿರ್ಣಯವನ್ನು ಅವನಿಗೇ ಬಿಟ್ಟರು. ಲಿಫ್ಟಿನ ಸುರಕ್ಷಾಸಾಧನವನ್ನು ರೂಪಿಸಿದ ಎಲಿಷಾ ಓಟಿಸ್ ೧೮೫೪ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಎತ್ತರದ ಹಲಗೆಯ ಮೇಲೆ ನಿಂತು, ಅದನ್ನು ಎತ್ತಿಹಿಡಿದಿದ್ದ ಹಗ್ಗವನ್ನೇ ಕಡಿಸಿ, ಆ ಸಾಧನವು ಹಲಗೆಯನ್ನು ತಡೆದು ನಿಲ್ಲಿಸುವುದನ್ನು ಜನರಿಗೆ ತೋರಿಸಿದುದೂ ಇದೇ ಮಾರ್ಗದ್ದು.

ಧರ್ಮಪುರಿ ಸೀಮೆಯದೇ ಉದಾಹರಣೆಯೊಂದನ್ನು ಕಲ್ಪಿಸಿಕೊಳ್ಳೋಣ. ಟೊಮೇಟೊ ಬೆಳೆಗೆ ಹೆಸರಾದ ಪಾಲಕ್ಕೋಡಿನಲ್ಲಿ ಹಣ್ಣನ್ನು ಒಣಗಿಸಿ ಪುಡಿಮಾಡುವ ಉದ್ಯಮವನ್ನು ತರುಣಿಯೊಬ್ಬಳು ಹೂಡಿದ್ದಾಳೆ. "ನಮ್ಮದು ಕೃಷಿಕ್ಷೇತ್ರದಲ್ಲಿ ಕ್ರಾಂತಿಕಾರಕವಾದ ನವೀನ ತಂತ್ರಜ್ಞಾನ" ಎಂದು ಆಕೆ ಆರಂಭಿಸಿದರೆ, ಕೇಳುವವರ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡದು. "ಬೆಲೆ ಬಿದ್ದ ದಿನ ನಮ್ಮೂರಿನ ರೈತರು ಹಣ್ಣನ್ನು ರಸ್ತೆಬದಿಗೆ ಸುರಿಯುತ್ತಾರೆ, ಅದನ್ನು ಅಂದೇ ಕೊಂಡು ಒಣಗಿಸಿ ಹೋಟೆಲುಗಳಿಗೆ ಪುಡಿಯಾಗಿ ಮಾರುತ್ತೇವೆ, ಒಮ್ಮೆ ಕೊಂಡ ಹೋಟೆಲಿನವರು ಮರುತಿಂಗಳೂ ಕೊಂಡಿದ್ದಾರೆ" ಎಂದರೆ ಕಷ್ಟ ಯಾರದು, ಪರಿಹಾರವೇನು, ಹಣ ಕೊಡುವವರು ಯಾರು ಎಂಬುದೆಲ್ಲವೂ ತಿಳಿಯಿತು. ಮರುತಿಂಗಳೂ ಕೊಂಡರೆಂಬ ಮಾತೇ ಇಲ್ಲಿಯ ಮುರಿದ ಮೊನೆ. ಅಂಥದೊಂದು ಸಂಗತಿಯು ಇನ್ನೂ ಘಟಿಸಿರದಿದ್ದಲ್ಲಿ, ವಾಕ್ಯಗಳನ್ನು ತಿದ್ದುತ್ತ ಕುಳಿತುಕೊಳ್ಳುವುದಕ್ಕಿಂತ ಮೊದಲ ಗಿರಾಕಿಯನ್ನು ಅರಸಿ ಹೊರಡುವುದು ಲೇಸು.

ನಮ್ಮಲ್ಲಿ ಪೀಠಿಕೆಯ ವ್ಯಾಮೋಹವು ಬಲವಾದುದು. ಹುಟ್ಟೂರು, ವಿದ್ಯಾಭ್ಯಾಸ, ಹಿರಿಯರ ಆಶೀರ್ವಾದ ಇವೆಲ್ಲವನ್ನೂ ಹೇಳಿದ ಮೇಲೆಯೇ ವಿಷಯಕ್ಕೆ ಬರುವುದು ಸೌಜನ್ಯವೆಂದು ಭಾವಿಸಿದವರಿಗೆ ಅರ್ಧ ನಿಮಿಷವು ಪೀಠಿಕೆಯಲ್ಲಿಯೇ ಕಳೆದುಹೋಗುತ್ತದೆ. ಕಂಠಪಾಠವೂ ಅಷ್ಟೇ ಅಪಾಯಕರ. ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ತಮಿಳನ್ನೂ ಆಡುವ ಸೇಲಂ, ಧರ್ಮಪುರಿಯ ಕನ್ನಡಿಗರು ಬ್ಯಾಂಕಿನ ಅಧಿಕಾರಿಗೆ ಒಂದು ಭಾಷೆಯಲ್ಲಿ, ಬೆಂಗಳೂರಿನ ಹೂಡಿಕೆದಾರರಿಗೆ ಮತ್ತೊಂದರಲ್ಲಿ ಹೇಳಬೇಕಾದವರಾದುದರಿಂದ, ಪದಗಳನ್ನಲ್ಲ, ವಿಷಯದ ಕ್ರಮವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಉಚಿತ. ಈ ದ್ವಿಭಾಷಾ ಅಭ್ಯಾಸವು ಅವರಿಗೆ ದೊರೆತ ಭಾಗ್ಯವೆಂದೇ ನಾನು ತಿಳಿಯುತ್ತೇನೆ.

ಕಿರುಭಾಷಣದಿಂದಲೇ ಹಣವು ಕೈಸೇರುವುದೆಂದು ಯಾರೂ ನಂಬಬಾರದು. ಕರ್ನಾಟಕ ಸರ್ಕಾರವು ೨೦೧೭ರಲ್ಲಿ ಆರಂಭಿಸಿದ 'ಎಲಿವೇಟ್' ಯೋಜನೆಯಲ್ಲಿ ೫೦ ಲಕ್ಷ ರೂಪಾಯಿಗಳವರೆಗೆ ಅನುದಾನವನ್ನು ಪಡೆಯಬಹುದಾದರೂ, ತೀರ್ಪುಗಾರರೆದುರು ಉದ್ಯಮವನ್ನು ನಿರೂಪಿಸಿ ಅವರ ಪ್ರಶ್ನೆಗಳಿಗೆ ಉತ್ತರಿಸಿದವರಿಗಷ್ಟೇ ಅದು ಸಲ್ಲುತ್ತದೆ. ಆದಕಾರಣ ಲಿಫ್ಟಿನಲ್ಲಿ ಸಿಕ್ಕವರಲ್ಲಿ ಲಕ್ಷಗಳನ್ನು ಬೇಡದೆ, ಅವರು ಸುಲಭವಾಗಿ ಒಪ್ಪಬಹುದಾದ ಒಂದನ್ನೇ, ಬರುವ ವಾರ ಇಪ್ಪತ್ತು ನಿಮಿಷದ ಭೇಟಿಯನ್ನೋ, ಪಾಲಕ್ಕೋಡಿಗೆ ಬಂದು ಹಣ್ಣು ಒಣಗುವುದನ್ನು ನೋಡುವ ಒಂದು ಮುಂಜಾನೆಯನ್ನೋ ಸ್ಪಷ್ಟವಾಗಿ ಕೇಳಿ, ಅವರ ಉತ್ತರಕ್ಕೆಂದು ಸುಮ್ಮನಾಗಬೇಕು.